ತುಂಡಾದ ತುದಿ ಏನು ಹೇಳುತ್ತೆ? ದೂರ ಸಮುದ್ರದ ಗಾಳಕ್ಕೆ ಲೀಡರ್ ಕಟ್ಟುವ ಬಗ್ಗೆ

ಪ್ರಶ್ನೆ: ಚಿಕ್ಕ ದೋಣಿಯಲ್ಲಿ ತೀರದಿಂದ ದೂರ ಹೋಗಿ ಗಾಳ ಹಾಕಲು ಶುರು ಮಾಡಿ ನನಗೆ ಒಂದು ವರ್ಷವಾಯಿತು. ರೀಲಿನಲ್ಲಿ 50 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ ದಾರ) ಇದೆ. ಅದರ ಮುಂದೆ 2 ಮೀಟರ್ 80 ಪೌಂಡ್ ಫ್ಲೋರೋಕಾರ್ಬನ್ ಲೀಡರ್, ಅಂದರೆ ಹುಕ್ಕಿನ ಕಡೆಯ ದಪ್ಪ ತುದಿದಾರ. ಎರಡನ್ನೂ ಡಬಲ್ ಯೂನಿ ಗಂಟಿನಿಂದ ಸೇರಿಸುತ್ತೇನೆ. ಈ ಸಲ ಮೂರು ದೊಡ್ಡ ಮೀನು ಕೈತಪ್ಪಿದವು. ಮೊದಲನೆಯದು ತುಂಬಾ ದೂರ ಓಡಿತು, ನಾನು ರೀಲಿನ ಡ್ರ್ಯಾಗ್ (ದಾರ ಹೋಗುವುದನ್ನು ತಡೆಯುವ ಬ್ರೇಕ್) ಬಿಗಿ ಮಾಡಿದೆ, ಲೀಡರ್ ಪೂರ್ತಿ ಹೋಯಿತು. ಬ್ರೇಡಿನ ತುದಿ ಹರಿದಿರಲಿಲ್ಲ, ಎರಡು ಇಂಚು ಮುದುರಿಕೊಂಡಿತ್ತು ಅಷ್ಟೆ. ಎರಡನೆಯದು ಎರೆ ಹಿಡಿದ ಕ್ಷಣದಲ್ಲೇ ಹೋಯಿತು, ಲೀಡರ್ ಬ್ಲೇಡಿನಲ್ಲಿ ಕತ್ತರಿಸಿದ ಹಾಗಿತ್ತು. ಮೂರನೆಯದು 40 ನಿಮಿಷ ಎಳೆದಾಡಿದ ಮೇಲೆ ದೋಣಿಯ ಹತ್ತಿರವೇ ತಪ್ಪಿಸಿಕೊಂಡಿತು. ಲೀಡರಿನ ಕೊನೆಯ ಒಂದು ಗೇಣು ಬೆಳ್ಳಗೆ, ಒರಟಾಗಿತ್ತು. 130 ಪೌಂಡ್ ಲೀಡರ್‌ಗೆ ಹೋಗಲಾ? ಯಾವಾಗಲೂ ತಂತಿ ಹಾಕಬೇಕಾ? ಲೀಡರ್ ಎಷ್ಟು ಉದ್ದ ಇರಬೇಕು?

ಉತ್ತರ: ತುಂಡಾದ ತುದಿಗಳನ್ನು ನೋಡಿ, ನೆನಪಿಟ್ಟುಕೊಂಡು ಬರೆದಿದ್ದೀರಲ್ಲ, ಅದಕ್ಕೆ ನಿಮಗೆ ಥ್ಯಾಂಕ್ಸ್ ಹೇಳಬೇಕು. ಮೀನು ಹೋದ ಬೇಸರದಲ್ಲಿ ಹೆಚ್ಚಿನವರು ಆ ತುದಿಯನ್ನು ಕತ್ತರಿಸಿ ಎಸೆದು ಹೊಸದು ಕಟ್ಟುತ್ತಾರೆ. ಏನಾಯಿತು ಅಂತ ಹೇಳುವ ಸಾಕ್ಷಿ ಇರುವುದೇ ಅದರಲ್ಲಿ. ನಿಮ್ಮ ಮೂರು ತುದಿಗಳೂ ಮೂರು ಬೇರೆ ಬೇರೆ ಕಾರಣ ಹೇಳುತ್ತಿವೆ. 130 ಪೌಂಡ್ ಲೀಡರ್ ಈ ಮೂರಕ್ಕೂ ಸರಿಯಾದ ಮದ್ದಲ್ಲ. ಮೊದಲನೆಯದಕ್ಕಂತೂ ಅದರಿಂದ ತೊಂದರೆ ಇನ್ನೂ ಜಾಸ್ತಿ ಆಗುತ್ತದೆ.

ಮೊದಲನೆಯದರಿಂದಲೇ ಶುರು ಮಾಡೋಣ. ಬ್ರೇಡ್ ಹರಿದಿದ್ದರೆ ಅದರ ತುದಿ ಬ್ರಷ್ಷಿನ ಹಾಗೆ ಎಳೆಎಳೆಯಾಗಿ ಕೆದರಿರುತ್ತದೆ. ನಿಮ್ಮದು ಕೆದರಿಲ್ಲ, ಮುದುರಿದೆ. ಗಂಟಿನೊಳಗೆ ಸುತ್ತಿಕೊಂಡಿದ್ದ ಗುರುತು ಅದು. ಅಂದರೆ ದಾರ ತುಂಡಾಗಲೇ ಇಲ್ಲ, ಗಂಟಿನಿಂದ ಜಾರಿ ಹೊರಗೆ ಬಂತು. ನೈಲಾನ್ ಅಥವಾ ಫ್ಲೋರೋಕಾರ್ಬನ್ ಹೀಗೆ ಜಾರಿದರೆ ತುದಿ ಹಂದಿಯ ಬಾಲದ ಹಾಗೆ ಸುರುಳಿಯಾಗುತ್ತದೆ. ಮುಂದೆ ಅದು ಕಂಡರೂ ಅರ್ಥ ಇದೇ.

ಯಾಕೆ ಜಾರುತ್ತದೆ? ಬ್ರೇಡ್ ಮಾಡುವುದು ಪಾಲಿಎಥಿಲೀನ್ ಎಳೆಗಳಿಂದ. ಅದು ತುಂಬಾ ನುಣುಪು, ತುಂಬಾ ತೆಳು. 50 ಪೌಂಡ್ ಬ್ರೇಡ್ ಸುಮಾರು 0.35 ಮಿ.ಮೀ. ದಪ್ಪ ಇರುತ್ತದೆ. ಅಷ್ಟೇ ಬಲದ ನೈಲಾನ್, ಅಂದರೆ ತಂಗೂಸು, ಅದರ ಎರಡರಷ್ಟು ದಪ್ಪ. ಇಷ್ಟು ತೆಳುವಾದ, ನುಣುಪಾದ ದಾರವನ್ನು ದಪ್ಪನೆಯ ಗಟ್ಟಿ ಲೀಡರಿಗೆ ಡಬಲ್ ಯೂನಿಯಲ್ಲಿ ಕಟ್ಟಿದಾಗ ಲೀಡರ್ ಕಡೆಯ ಗಂಟು ಪೂರ್ತಿ ಕೂರುವುದಿಲ್ಲ. ಬ್ರೇಡ್ ಕಡೆಯ ಗಂಟಿಗೆ ಹಿಡಿತ ಸಿಗುವುದಿಲ್ಲ. 30, 40 ಪೌಂಡಿನ ಲೀಡರಿನವರೆಗೆ ಡಬಲ್ ಯೂನಿ ಒಳ್ಳೆಯ ಗಂಟು. 80ಕ್ಕೆ ಬೇಡ. ಇನ್ನು 130ಕ್ಕೆ ಹೋದರೆ ಗಂಟು ಕಡಲೆಕಾಳಿನ ಗಾತ್ರ ಆಗುತ್ತದೆ, ಪ್ರತಿ ಸಲ ಬೀಸಿ ಎಸೆದಾಗಲೂ ರಾಡಿನ ರಿಂಗಿಗೆ ಹೊಡೆಯುತ್ತದೆ.

ನೀವು ಕಲಿಯಬೇಕಾದ ಗಂಟು ಎಫ್‌ಜಿ. ಇದರಲ್ಲಿ ಲೀಡರ್ ಮಡಚುವುದೇ ಇಲ್ಲ, ನೇರವಾಗಿಯೇ ಇರುತ್ತದೆ. ಬ್ರೇಡ್ ಅದರ ಸುತ್ತ ಜಡೆ ಹೆಣೆದ ಹಾಗೆ ಕೂರುತ್ತದೆ. ಎಳೆದಷ್ಟೂ ಅದು ಲೀಡರನ್ನು ಇನ್ನಷ್ಟು ಹಿಂಡುತ್ತದೆ, ಹಾಗಾಗಿ ಜಾರುವುದಿಲ್ಲ. ದಪ್ಪ ಕೂಡ ಹೆಚ್ಚಾಗುವುದಿಲ್ಲ, ರಿಂಗಿನೊಳಗೆ ಸಲೀಸಾಗಿ ಹೋಗುತ್ತದೆ.

ಕಟ್ಟುವ ರೀತಿ ಹೀಗೆ. ರಾಡನ್ನು ಒರಗಿಸಿ, ಬ್ರೇಡಿನ ತುದಿಯನ್ನು ಸೊಂಟಕ್ಕೋ ಮೊಣಕಾಲಿಗೋ ಸುತ್ತಿ, ಬ್ರೇಡ್ ತಂತಿಯ ಹಾಗೆ ಬಿಗಿಯಾಗಿ ನಿಲ್ಲಬೇಕು. ಇಡೀ ಗಂಟಿನ ಗುಟ್ಟು ಈ ಬಿಗಿಯಲ್ಲೇ ಇದೆ. ಸಡಿಲವಾದರೆ ಎಷ್ಟು ಸುತ್ತು ಹಾಕಿದರೂ ದಂಡ. ಈಗ ಲೀಡರಿನ ತುದಿಯನ್ನು ಕೈಯಲ್ಲಿ ಹಿಡಿದು ಬ್ರೇಡಿನ ಮೇಲಿನಿಂದ ಒಂದು ಸಲ, ಕೆಳಗಿನಿಂದ ಒಂದು ಸಲ ದಾಟಿಸುತ್ತಾ ಹೋಗಿ. ಒಂದೊಂದು ಸಲ ದಾಟಿಸಿದಾಗಲೂ ಹೆಣಿಗೆಯನ್ನು ಹಿಂದಿನ ಸುತ್ತಿನ ಪಕ್ಕಕ್ಕೆ ಒತ್ತಿ ಕೂರಿಸಿ. ಒಂದರ ಮೇಲೊಂದು ಹತ್ತಬಾರದು. 80 ಪೌಂಡ್ ಲೀಡರಿಗೆ ಇಂಥ 20 ಸುತ್ತು ಸಾಕು. ಆಮೇಲೆ ಬ್ರೇಡಿನ ಬಿಡಿ ತುದಿಯಿಂದ, ಲೀಡರ್ ಮತ್ತು ಬ್ರೇಡ್ ಎರಡನ್ನೂ ಸೇರಿಸಿ ಒಂದು ಅರ್ಧಗಂಟು ಹಾಕಿ.

ಇಲ್ಲಿ ಒಂದು ನಿಮಿಷ ನಿಲ್ಲಿ. ಗಂಟನ್ನು ಎಂಜಲಿನಿಂದ ಒದ್ದೆ ಮಾಡಿ. ಗ್ಲೌಸ್ ಹಾಕಿಕೊಂಡು ಬ್ರೇಡ್ ಒಂದು ಕಡೆಗೆ, ಲೀಡರ್ ಇನ್ನೊಂದು ಕಡೆಗೆ ಜೋರಾಗಿ, ನಿಧಾನವಾಗಿ ಎಳೆಯಿರಿ. ಹೆಣಿಗೆ ಲೀಡರಿನೊಳಗೆ ಕಚ್ಚಿಕೊಂಡಾಗ ಬ್ರೇಡಿನ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಕಣ್ಣಿಗೆ ಗೊತ್ತಾಗುವಷ್ಟು ಬದಲಾಗುತ್ತದೆ. ಆ ಬಣ್ಣ ಬರದಿದ್ದರೆ ಗಂಟು ಕೂತಿಲ್ಲ ಅಂತಲೇ ಅರ್ಥ, ಬಿಚ್ಚಿ ಮತ್ತೆ ಕಟ್ಟಿ. ಬಣ್ಣ ಬಂದರೆ ಇನ್ನೂ ಐದಾರು ಅರ್ಧಗಂಟು ಹಾಕಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಂತರ ಲೀಡರಿನ ಉಳಿದ ತುಂಡನ್ನು ಗಂಟಿಗೆ ಅಂಟಿದ ಹಾಗೆ ಕತ್ತರಿಸಿ. ಮುಂದೆ ಬರೀ ಬ್ರೇಡಿನ ಮೇಲೆ ನಾಲ್ಕೈದು ಅರ್ಧಗಂಟು ಹಾಕಿ ಮುಗಿಸಿ. ಲೀಡರಿನ ಕತ್ತರಿಸಿದ ಮೂಲೆ ರಿಂಗಿಗೆ ತಾಗದ ಹಾಗೆ ಈ ಕೊನೆಯ ಗಂಟುಗಳು ಇಳಿಜಾರು ಮಾಡಿಕೊಡುತ್ತವೆ.

ಅಲುಗಾಡುವ ದೋಣಿಯಲ್ಲಿ ನಿಂತು ಇದನ್ನು ಕಲಿಯಲು ಆಗುವುದಿಲ್ಲ. ಮನೆಯಲ್ಲೇ ಕೂತು ಕಟ್ಟಿ, ಎಳೆದು, ಕತ್ತರಿಸಿ, ಮತ್ತೆ ಕಟ್ಟಿ. ಹತ್ತಿಪ್ಪತ್ತು ಸಲ ಕಟ್ಟಿದ ಮೇಲೆ ಕೈಗೆ ತಾನಾಗಿಯೇ ಬರುತ್ತದೆ.

ಮೊದಲ ಮೀನಿನ ವಿಷಯದಲ್ಲಿ ಗಂಟಿನ ಜೊತೆಗೆ ಇನ್ನೊಂದು ತಪ್ಪೂ ಸೇರಿಕೊಂಡಿದೆ. ಮೀನು ದೂರ ಓಡಿದಾಗ ನೀವು ಡ್ರ್ಯಾಗ್ ಬಿಗಿ ಮಾಡಿದಿರಿ. ಆ ಹೊತ್ತಿನಲ್ಲಿ ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ. ಆದರೆ ಮಾಡಬೇಕಾದ್ದು ಉಲ್ಟಾ. ದಾರ ಹೋಗುತ್ತಿದ್ದ ಹಾಗೆ ಸ್ಪೂಲಿನ ಮೇಲೆ ಉಳಿದ ಸುತ್ತಿನ ಅಗಲ ಕಡಿಮೆಯಾಗುತ್ತದೆ. ನೀವು ನಾಬ್ ಮುಟ್ಟದಿದ್ದರೂ ದಾರದ ಮೇಲಿನ ಎಳೆತ ಏರುತ್ತಲೇ ಇರುತ್ತದೆ. ಸುತ್ತು ಅರ್ಧ ಅಗಲಕ್ಕೆ ಇಳಿದರೆ ಎಳೆತ ಎರಡರಷ್ಟಾಗುತ್ತದೆ. ಇದರ ಮೇಲೆ, ನೀರಿನಲ್ಲಿ ಬಿಲ್ಲಿನ ಹಾಗೆ ಬಾಗಿರುವ ನೂರಾರು ಮೀಟರ್ ದಾರವನ್ನು ಎಳೆಯುವ ಭಾರ ಬೇರೆ. ಆಗ ಡ್ರ್ಯಾಗ್ ಸ್ವಲ್ಪ ಸಡಿಲ ಮಾಡಿ, ದೋಣಿ ತಿರುಗಿಸಿ ಮೀನಿನ ಹಿಂದೆ ಹೋಗಬೇಕು.

ಡ್ರ್ಯಾಗನ್ನು ಹೊರಡುವ ಮೊದಲೇ ತಕ್ಕಡಿ ಹಾಕಿ ಅಳೆದು ಇಡಿ. ಕೈಯಲ್ಲಿ ಎಳೆದು ಅಂದಾಜು ಮಾಡಬೇಡಿ. ರಾಡನ್ನು ಮೀನು ಹಿಡಿಯುವಾಗ ಬಾಗುವಷ್ಟು ಬಾಗಿಸಿ, ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ದಾರ ಬಿಡಲು ಶುರು ಮಾಡುವಾಗ ಮುಳ್ಳು ತೋರಿಸುವ ಅಂಕಿ ದಾರದ ಬಲದ ಕಾಲು ಭಾಗ ಇರಲಿ, ಹೆಚ್ಚೆಂದರೆ ಮೂರನೇ ಒಂದು ಭಾಗ. ನಿಮ್ಮ 50 ಪೌಂಡಿಗೆ ಅದು ಸುಮಾರು ಐದೂವರೆಯಿಂದ ಏಳೂವರೆ ಕಿಲೋ. ಏಳು ಕಿಲೋ ಅಂದರೆ ಕಡಿಮೆ ಅನಿಸಬಹುದು. ಅಷ್ಟು ಎಳೆತವನ್ನು ಅರ್ಧ ಗಂಟೆ ರಾಡಿನಲ್ಲಿ ಹಿಡಿದು ನಿಂತರೆ ಬೆನ್ನಿಗೆ ಗೊತ್ತಾಗುತ್ತದೆ.

ಎರಡನೆಯ ತುದಿಗೆ ಬರೋಣ. ಕಚ್ಚಿದ ತಕ್ಷಣ, ನೀಟಾಗಿ, ಓರೆಯಾಗಿ ಕತ್ತರಿಸಿದ್ದರೆ ಅದು ಹಲ್ಲಿನ ಕೆಲಸ. ಅಂಜಲ್, ವಾಹೂ, ಬರಾಕುಡ ಇವೆಲ್ಲ ಕತ್ತರಿ ಹಲ್ಲಿನ ಮೀನುಗಳು. ಇವುಗಳ ಮುಂದೆ 80 ಪೌಂಡೂ ಒಂದೇ, 130 ಪೌಂಡೂ ಒಂದೇ. ಇಲ್ಲಿ ತಂತಿಯೇ ಬೇಕು. ಆದರೆ ಲೀಡರ್ ಪೂರ್ತಿ ತಂತಿ ಬೇಡ. ಹುಕ್ಕಿನ ಪಕ್ಕ ಒಂದರಿಂದ ಒಂದೂವರೆ ಗೇಣು ಸಾಕು.

ನಾನು ಹಾಕುವುದು ಒಂಟಿ ಎಳೆಯ ಸ್ಟೇನ್‌ಲೆಸ್ ತಂತಿ, 7ನೇ ನಂಬರ್. ದಪ್ಪ ಸುಮಾರು 0.45 ಮಿ.ಮೀ., ಸುಮಾರು 70 ಪೌಂಡ್ ತಡೆಯುತ್ತದೆ. ಬಣ್ಣ ಕಂದು ಇರಲಿ, ಹೊಳೆಯುವುದು ಬೇಡ. ಇದಕ್ಕೆ ಗಂಟು ಹಾಕಲು ಬರುವುದಿಲ್ಲ, ಹೇವೈರ್ ಟ್ವಿಸ್ಟ್ ಅನ್ನುವ ಹುರಿ ಹಾಕಬೇಕು. ತಂತಿಯನ್ನು ಹುಕ್ಕಿನ ಕಣ್ಣಿನಲ್ಲಿ ತೂರಿಸಿ ಚಿಕ್ಕ ಕುಣಿಕೆ ಮಾಡಿ. ಕುಣಿಕೆಯನ್ನು ಇಕ್ಕಳದಲ್ಲಿ ಹಿಡಿದು ಎರಡೂ ಕಾಲುಗಳನ್ನು ಅಗಲಿಸಿ ಒಟ್ಟಿಗೆ ತಿರುಚಿ. ಎರಡೂ ಕಾಲು ಒಂದನ್ನೊಂದು ಸುತ್ತಬೇಕು. ಒಂದು ನೇರವಾಗಿ ನಿಂತು ಇನ್ನೊಂದು ಮಾತ್ರ ಅದನ್ನು ಸುತ್ತಿದರೆ ಎಳೆದಾಗ ಬಿಚ್ಚಿಕೊಳ್ಳುತ್ತದೆ. ಇಂಥ ನಾಲ್ಕೈದು ತಿರುಚು ಆದ ಮೇಲೆ ಬಿಡಿ ಕಾಲನ್ನು ಅಡ್ಡಕ್ಕೆ ಬಗ್ಗಿಸಿ, ಸ್ಪ್ರಿಂಗಿನ ಹಾಗೆ ಒತ್ತೊತ್ತಾಗಿ ಐದಾರು ಸುತ್ತು ಹಾಕಿ. ಉಳಿದ ತುದಿಯನ್ನು ಕಟರಿನಲ್ಲಿ ಕತ್ತರಿಸಬೇಡಿ. ಅಲ್ಲಿ ಉಳಿಯುವ ಮುಳ್ಳು ಮುಂದೆ ನಿಮ್ಮ ಕೈಯನ್ನೇ ಸೀಳುತ್ತದೆ. ತುದಿಯನ್ನು ಹಿಡಿಕೆಯ ಹಾಗೆ ಬಗ್ಗಿಸಿ ಹಿಂದೆ ಮುಂದೆ ಆಡಿಸಿ. ಎರಡು ಮೂರು ಸಲಕ್ಕೆ ನುಣ್ಣಗೆ ಮುರಿದು ಬರುತ್ತದೆ. ಬೆರಳಾಡಿಸಿದರೆ ಏನೂ ಚುಚ್ಚಬಾರದು.

ಒಂಟಿ ತಂತಿಯ ದೌರ್ಬಲ್ಯ ಒಂದೇ, ಅದು ಮುರುಕು. ಒಂದು ಸಲ ಮಡಿಕೆ ಬಿದ್ದರೆ ಕೈಯಲ್ಲಿ ನೇರ ಮಾಡಿ ಬಳಸಬೇಡಿ, ಅಲ್ಲೇ ಮುರಿಯುತ್ತದೆ. ಪದೇಪದೇ ಮಡಿಕೆ ಬೀಳುವ ಕಡೆ 49 ಎಳೆಯ ಕೇಬಲ್ ಇದೆ. ಏಳು ಎಳೆಯ ಏಳು ಹುರಿ ಸೇರಿಸಿ ಹೆಣೆದದ್ದು, ದಾರದ ಹಾಗೆ ಬಳುಕುತ್ತದೆ. ಅದು ಸ್ವಲ್ಪ ದಪ್ಪ, ಅದನ್ನು ಕ್ರಿಂಪ್ ಮಾಡಬೇಕು, ಅಂದರೆ ಸ್ಲೀವ್ ಅನ್ನುವ ಸಣ್ಣ ಲೋಹದ ಕೊಳವೆಯಲ್ಲಿ ತೂರಿಸಿ ಒತ್ತಿ ಹಿಡಿಸಬೇಕು.

ತಂತಿಯನ್ನು ಫ್ಲೋರೋಕಾರ್ಬನ್ನಿಗೆ ಸೇರಿಸಲು ಸಣ್ಣ ಕಪ್ಪು ಸ್ವಿವೆಲ್ (ತಿರುಗುವ ಲೋಹದ ಕೊಂಡಿ) ಹಾಕಿ. ಹೊಳೆಯುವ ದೊಡ್ಡ ಸ್ವಿವೆಲ್ ಬೇಡ. ನೀರಿನಲ್ಲಿ ಅದು ಗುಳ್ಳೆ ಎಬ್ಬಿಸಿಕೊಂಡು ಮಿಂಚುತ್ತಾ ಹೋಗುವಾಗ ಸಣ್ಣ ಮೀನು ಅಂದುಕೊಂಡು ವಾಹೂ ಅದನ್ನೇ ಕಚ್ಚುತ್ತದೆ. ಆಗ ಕತ್ತರಿಸುವುದು ತಂತಿಯ ಹಿಂದಿನ ದಾರವನ್ನು.

ಹಾಗಾದರೆ ಯಾವಾಗಲೂ ತಂತಿ ಇರಲಿ ಅಂತ ಅನಿಸಬಹುದು, ಅಲ್ವಾ? ಬೇಡ. ಟ್ಯೂನಾದ ಕಣ್ಣು ಬಹಳ ಚುರುಕು. ತಿಳಿ ನೀರಿನಲ್ಲಿ ತಂತಿ ಕಂಡರೆ ಎರೆಯ ಪಕ್ಕ ಬಂದು ತಿರುಗಿ ಹೋಗುತ್ತದೆ. ದೋಣಿಯಲ್ಲಿ ಎರಡು ರಾಡ್ ಇದ್ದರೆ ಒಂದಕ್ಕೆ ತಂತಿ ಹಾಕಿ, ಒಂದಕ್ಕೆ ಹಾಕಬೇಡಿ. ಆ ದಿನ ಯಾವ ಮೀನು ಅಡ್ಡಾಡುತ್ತಿದೆ ಅಂತ ಒಂದು ಗಂಟೆಯೊಳಗೆ ಗೊತ್ತಾಗುತ್ತದೆ.

ಇನ್ನು ಮೂರನೆಯ ತುದಿ. ನನಗೆ ಹೆಚ್ಚು ಸಂಕಟ ಆಗಿದ್ದು ಇದನ್ನು ಓದಿದಾಗ. ನಿಮ್ಮ ತಪ್ಪು ಇದರಲ್ಲಿ ತೀರಾ ಕಡಿಮೆ. ಒಂದು ಗೇಣು ಬೆಳ್ಳಗೆ ಒರಟಾಗಿದೆ ಅಂದರೆ ಲೀಡರ್ ಕತ್ತರಿಸಿದ್ದಲ್ಲ, ಸವೆದದ್ದು. ಹುಕ್ ಮೀನಿನ ಬಾಯಿಯೊಳಗೆ ಆಳದಲ್ಲಿ ಕೂತಿತ್ತು. 40 ನಿಮಿಷ ಲೀಡರ್ ಸಣ್ಣ ಹಲ್ಲುಗಳ ಮೇಲೆ, ದವಡೆಯ ಅಂಚಿನ ಮೇಲೆ ಗರಗಸದ ಹಾಗೆ ಆಡುತ್ತಲೇ ಇತ್ತು. ದಪ್ಪ ಲೀಡರ್ ಹಾಕಿದ್ದರೆ ಇನ್ನೂ ಹತ್ತು ನಿಮಿಷ ತಡೆಯುತ್ತಿತ್ತೋ ಏನೋ. ಆದರೆ ಸರಿಪಡಿಸಬೇಕಾದ್ದು ಹುಕ್ ಕೂರುವ ಜಾಗವನ್ನು.

ಜೀವಂತ ಮೀನನ್ನೋ ಮೀನಿನ ತುಂಡನ್ನೋ ಎರೆಯಾಗಿ ಹಾಕುವಾಗ ಸರ್ಕಲ್ ಹುಕ್ ಬಳಸಿ. ಇದರ ಮೊನೆ ಒಳಕ್ಕೆ, ಹುಕ್ಕಿನ ಕಾಲಿನ ಕಡೆಗೆ ತಿರುಗಿರುತ್ತದೆ. ಮೀನು ಎರೆ ನುಂಗಿ ತಿರುಗಿ ಹೊರಟಾಗ ಹುಕ್ ಗಂಟಲಿನಿಂದ ಜಾರುತ್ತಾ ಬಂದು ಬಾಯಿಯ ಮೂಲೆಯಲ್ಲಿ ಹೊರಳಿ ಕಚ್ಚಿಕೊಳ್ಳುತ್ತದೆ. ಲೀಡರ್ ಬಾಯಿಯ ಹೊರಗೇ ಉಳಿಯುತ್ತದೆ. ಆಮೇಲೆ ಸವೆತದ ಮಾತೇ ಕಡಿಮೆ. ಬಿಟ್ಟುಬಿಡಬೇಕಾದ ಮೀನಿಗೂ ಇದೇ ಒಳ್ಳೆಯದು, ಕರುಳಿಗೆ ಪೆಟ್ಟಾಗುವುದಿಲ್ಲ. ಹುಕ್ಕನ್ನು ಮೇಜಿನ ಮೇಲೆ ಮಲಗಿಸಿದರೆ ಮೊನೆ ಪಕ್ಕಕ್ಕೆ ಓರೆಯಾಗದೆ ಸಮವಾಗಿ ಕೂರಬೇಕು, ಅಂಥದ್ದನ್ನೇ ಆರಿಸಿ. ಮತ್ತೆ, ಮೀನು ಕಚ್ಚಿದಾಗ ರಾಡನ್ನು ಜಗ್ಗಬೇಡಿ. ಸುಮ್ನೆ ದಾರ ಬಿಗಿಯಾಗಲು ಬಿಡಿ, ರೀಲ್ ಸುತ್ತುತ್ತಾ ಹೋಗಿ. ಜಗ್ಗುವ ಅಭ್ಯಾಸ ಇದ್ದವರಿಗೆ ಇದು ನಿಜವಾಗಿಯೂ ಕಷ್ಟ. ಜಗ್ಗಿದರೆ ಹುಕ್ ಹೊರಳುವ ಮೊದಲೇ ಬಾಯಿಯಿಂದ ಹೊರಗೆ ಬಂದುಬಿಡುತ್ತದೆ.

ಲೀಡರಿನ ವಸ್ತುವಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫ್ಲೋರೋಕಾರ್ಬನ್ ದಾರವನ್ನು ಜಪಾನಿನ ಕುರೇಹಾ ಕಂಪನಿ 1971ರಲ್ಲಿ ತಂದಾಗಿನಿಂದ ಅದು ನೀರಿನಲ್ಲಿ ಕಾಣುವುದೇ ಇಲ್ಲ ಅನ್ನುವ ಮಾತು ಓಡುತ್ತಿದೆ. ಬೆಳಕನ್ನು ಬಗ್ಗಿಸುವ ಗುಣದಲ್ಲಿ ಅದು ನೀರಿಗೆ ಹತ್ತಿರ, ನಿಜ. ನೀರಿನ ಅಂಕಿ 1.33, ಫ್ಲೋರೋಕಾರ್ಬನ್ನಿನದು 1.42, ನೈಲಾನಿನದು ಸುಮಾರು 1.53. ಹತ್ತಿರ ಅಂದರೆ ಒಂದೇ ಅಂತ ಅಲ್ಲ. 80 ಪೌಂಡಿನ ದಪ್ಪ ದಾರ ಮೀನಿಗೆ ಕಾಣುತ್ತದೆ, ಸ್ವಲ್ಪ ಕಡಿಮೆ ಕಾಣುತ್ತದೆ ಅಷ್ಟೆ. ನನಗೆ ಫ್ಲೋರೋಕಾರ್ಬನ್ ಇಷ್ಟವಾಗುವುದು ಬೇರೆ ಕಾರಣಕ್ಕೆ. ಅದು ನೀರು ಹೀರುವುದಿಲ್ಲ, ಮೇಲ್ಮೈ ಗಟ್ಟಿ, ನೈಲಾನಿಗಿಂತ ಭಾರ, ಬೇಗ ಮುಳುಗುತ್ತದೆ. ನೈಲಾನ್ ನೀರು ಹೀರಿ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಆದರೆ ಚೆನ್ನಾಗಿ ಹಿಗ್ಗುತ್ತದೆ. ದೋಣಿ ಓಡಿಸುತ್ತಾ ಎರೆ ಎಳೆಯುವಾಗ, ದೊಡ್ಡ ಮೀನು ಒಮ್ಮೆಲೇ ಬಂದು ಹೊಡೆಯುವ ಪೆಟ್ಟನ್ನು ಈ ಹಿಗ್ಗುವಿಕೆಯೇ ತಡೆದುಕೊಳ್ಳುವುದು. ಹಾಗಾಗಿ ಟ್ರೋಲಿಂಗಿಗೆ ನಾನು ದಪ್ಪ ನೈಲಾನನ್ನೇ ಹಾಕುತ್ತೇನೆ. ತಿಳಿ ನೀರಿನಲ್ಲಿ ಎರೆ ಬಿಟ್ಟು ಕಾಯುವಾಗ ಫ್ಲೋರೋಕಾರ್ಬನ್.

ಉದ್ದಕ್ಕೆ ಒಂದು ಸುಲಭ ಲೆಕ್ಕ ಇದೆ. ಲೀಡರ್ ನೀವು ಹಿಡಿಯಲು ಹೊರಟ ಮೀನಿಗಿಂತ ಉದ್ದ ಇರಬೇಕು. ಮೀನು ನಿಮ್ಮಿಂದ ದೂರ ಓಡುವಾಗ ದಾರ ಅದರ ಮೈ ಪಕ್ಕದಲ್ಲೇ ಹಾದು ಬರುತ್ತದೆ, ಬಾಲ ಅದಕ್ಕೆ ಬಡಿಯುತ್ತಲೇ ಇರುತ್ತದೆ. ಬಾಲ ಬಡಿಯುವ ಜಾಗದಲ್ಲಿ ಬ್ರೇಡ್ ಇದ್ದರೆ ಹೆಚ್ಚು ಹೊತ್ತು ತಾಳುವುದಿಲ್ಲ. ಬೀಸಿ ಎಸೆಯುವ ರಾಡಿಗೆ ನಿಮ್ಮ 2 ಮೀಟರ್ ಸಾಕು. ಎರೆ ಬಿಟ್ಟು ಕಾಯುವುದಕ್ಕೆ, ಆಳಕ್ಕೆ ಜಿಗ್ (ಲೋಹದ ಭಾರದ ಕೃತಕ ಎರೆ) ಬಿಡುವುದಕ್ಕೆ 3ರಿಂದ 5 ಮೀಟರ್ ಇರಲಿ. ಎಫ್‌ಜಿ ಗಂಟು ರಿಂಗಿನೊಳಗೆ ಹೋಗುವುದರಿಂದ ಆ ಉದ್ದ ತೊಂದರೆ ಕೊಡುವುದಿಲ್ಲ. ಮುಂದೆ ದಾಖಲೆಗೆ ಮೀನು ಹಿಡಿಯುವ ಆಸೆ ಇದ್ದರೆ ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ನಿನ ಮಿತಿ ನೆನಪಿರಲಿ. ಸಮುದ್ರದಲ್ಲಿ 20 ಪೌಂಡ್‌ವರೆಗಿನ ದಾರಕ್ಕೆ ಲೀಡರ್ 15 ಅಡಿ ಮೀರಬಾರದು, ಅದಕ್ಕಿಂತ ಬಲದ ದಾರಕ್ಕೆ 30 ಅಡಿ. ಲೀಡರಿನ ಹಿಂದೆ ಎರಡೆಳೆಯಾಗಿ ಮಡಚಿ ಜೋಡಿ ಮಾಡಿದ ದಾರವೂ ಸೇರಿದರೆ ಒಟ್ಟು ಕ್ರಮವಾಗಿ 20 ಅಡಿ ಮತ್ತು 40 ಅಡಿ.

130 ಪೌಂಡಿನ ಪ್ರಶ್ನೆ ಉಳಿಯಿತು. ದೋಣಿಯ ಹಿಂದೆ ಎಳೆಯುವ ಟ್ರೋಲಿಂಗ್ ರಾಡಿಗೆ, ಸೈಲ್‌ಫಿಶ್‌ನಂಥ ಒರಟು ಕೊಂಬಿನ ಮೀನಿಗೆ ಅದು ಬೇಕು. ಆದರೆ ಅಷ್ಟು ದಪ್ಪಕ್ಕೆ ಹುಕ್ಕಿನ ಕಡೆ ಗಂಟು ಹಾಕಬೇಡಿ, ಅದು ಸರಿಯಾಗಿ ಕೂರುವುದಿಲ್ಲ. ಕ್ರಿಂಪ್ ಮಾಡಿ. ಸ್ಲೀವಿನ ತೂತು ದಾರದ ದಪ್ಪಕ್ಕೆ ಸರಿಯಾಗಿ ಹೊಂದಬೇಕು. ನೈಲಾನಿಗೆ ಅಲ್ಯುಮಿನಿಯಂ ಸ್ಲೀವ್ ಸಾಕು, ಸ್ಟೀಲ್ ಕೇಬಲ್ಲಿಗೆ ತಾಮ್ರದ್ದು. ಸ್ಲೀವಿನ ಎರಡೂ ಅಂಚನ್ನು ಒತ್ತದೆ ಬಿಡಿ. ಅಂಚು ಸ್ವಲ್ಪ ಅಗಲವಾಗಿಯೇ ಇರಬೇಕು. ಅಲ್ಲಿ ಒತ್ತಿದರೆ ಲೋಹದ ಅಂಚು ದಾರವನ್ನು ಕಚ್ಚುತ್ತದೆ. ದಾರದ ತುದಿಯನ್ನು ಲೈಟರಿನಲ್ಲಿ ಕರಗಿಸಿ ಸಣ್ಣ ಗುಂಡು ಮಾಡಿ, ಆ ಗುಂಡು ಸ್ಲೀವಿಗೆ ತಾಗಿ ನಿಲ್ಲಲಿ. ನಾನೇ ಒಮ್ಮೆ ಸಾಮಾನ್ಯ ಇಕ್ಕಳದಲ್ಲಿ ಒತ್ತಿದ ಕ್ರಿಂಪಿನಿಂದ ಒಳ್ಳೆಯ ಮೀನು ಕಳೆದುಕೊಂಡಿದ್ದೇನೆ. ದಾರ ಅರ್ಧ ಕತ್ತರಿಸಿಹೋಗಿದ್ದು ಸ್ಲೀವಿನ ಒಳಗಡೆ, ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಆವತ್ತಿನಿಂದ ಕ್ರಿಂಪಿಂಗ್ ಇಕ್ಕಳ ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವುದಿಲ್ಲ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮೀನು ದೋಣಿಯ ಪಕ್ಕಕ್ಕೆ ಬಂದಾಗ ಲೀಡರ್ ಹಿಡಿದು ಎಳೆಯುವವರು ಗ್ಲೌಸ್ ಹಾಕಿರಲೇಬೇಕು. ಲೀಡರನ್ನು ಅಂಗೈಗೆ ಬಿಗಿಯಾಗಿ ಸುತ್ತಿಕೊಳ್ಳಲೇಬಾರದು. ಮೀನು ಕೊನೆಯ ಸಲ ಕೆಳಕ್ಕೆ ಧುಮುಕಿದಾಗ ಸುತ್ತು ಬಿಚ್ಚದಿದ್ದರೆ ಆ ವ್ಯಕ್ತಿಯೂ ಅದರ ಜೊತೆ ನೀರಿಗೆ ಹೋಗುತ್ತಾರೆ. ಬಿಟ್ಟ ಕೂಡಲೇ ಕೈಯಿಂದ ಜಾರಿಹೋಗುವ ಹಾಗೆ ಮಾತ್ರ ಹಿಡಿಯಿರಿ. ಬಿಡಿ ಲೀಡರ್ ಕಾಲಿನ ಬಳಿ ಸಿಂಬಿಯಾಗಿ ಬಿದ್ದಿರಬಾರದು.

ಪ್ರತಿ ಮೀನಿನ ನಂತರ, ಸಣ್ಣದೇ ಇರಲಿ, ಲೀಡರಿನ ಕೊನೆಯ ಒಂದು ಮೀಟರನ್ನು ಕಣ್ಣು ಮುಚ್ಚಿಕೊಂಡು ಉಗುರಿನ ಮೇಲೆ ಎಳೆದು ನೋಡಿ. ಕಣ್ಣಿಗೆ ಕಾಣದ ಗೀರು ಉಗುರಿಗೆ ತಾಗುತ್ತದೆ. ತಾಗಿದರೆ ಅಲ್ಲಿಗೆ ಕತ್ತರಿಸಿ ಹೊಸದಾಗಿ ಹುಕ್ ಕಟ್ಟಿ. ಕತ್ತರಿಸಿದ ತುಂಡುಗಳನ್ನು ನೀರಿಗೆ ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿಕೊಳ್ಳಿ. ಮನೆಗೆ ತಂದು, ಆ ತುಂಡುಗಳ ಮೇಲೆಯೇ ಎಫ್‌ಜಿ ಗಂಟು ಕಟ್ಟಲು ಕೂರಿ. ಬ್ರೇಡಿನ ಬಣ್ಣ ಗಾಢವಾಗುವುದು ಒಂದು ಸಲ ಕಣ್ಣಿಗೆ ಬಿದ್ದರೆ ಸಾಕು, ಆಮೇಲೆ ಕೂತ ಗಂಟು ಯಾವುದು, ಕೂರದ ಗಂಟು ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.